ಬಿಸಿ ಕುದುರೆ

ನಮ್ಮ ಮನೆಯ ಮಗು ಬುಗುರಿ ಕಾಣೆಯಾದಾಗ ನಾನು ಫೋನಿನಲ್ಲಿ ಹೊಗಳಿಸಿಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ? ಆ ಕಡೆಯಿಂದ ನಮ್ಮ ಕಚೇರಿಯಲ್ಲಿ ಕನ್ನಡ ತಿದ್ದುವ ಮೇಷ್ಟ್ರು, "ಭೇಷ್ ಕಣಮ್ಮ, ಈಗ 'ಒಳ್ಳೆಯ' ಅಂತ ಕೇಳಿದ್ರೆ ಬರೀ ಒಳ್ಳೇದೇ ಬರ್ತಿದೆ" ಎನ್ನುತ್ತಿದ್ದರು. ಈ ಕಡೆ ನಾನು, "ಇನ್ನೊಂದು ಕೇಳಿ ನೋಡಿ ಸಾರ್, ಇನ್ನೊಂದು" ಎಂದು ಉಬ್ಬುತ್ತಿದ್ದೆ. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಅಕ್ಕ ಕೂಗಿದಳು. ನಾನು ಅಂಗೈಯಿಂದ ಫೋನು ಮುಚ್ಚಿ, "ಬಂದೆ ಇರೇ, ಒಂದು ನಿಮಿಷ!" ಎಂದು ಗದರಿದೆ. ಆ ಒಂದು ನಿಮಿಷ ಎಂದ ನನ್ನ ನಾಲಿಗೆ ಅಲ್ಲೇ ಸೇದಿಹೋಗಬೇಕಿತ್ತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಒಂದು ಮಾತು ಕೊಟ್ಟರೆ ಅದಕ್ಕೆ ಹತ್ತಿರದ ಅರ್ಥದ ಮಾತುಗಳನ್ನು ಕಂಪ್ಯೂಟರಿನಿಂದ ಹುಡುಕಿಸುವುದು. 'ದುಃಖ' ಎಂದರೆ ಅಳಲು, ಸಂಕಟ, ನೋವು, ಕೊರಗು ಎಂದು ಸಾಲಾಗಿ ತಂದು ಹಾಕಬೇಕು. ಶಾಲೆಗಳಿಗೆ ಮಾರುವ ಸಾಮಾನು ಅದು. ಕಂಪ್ಯೂಟರಿಗೆ ಅರ್ಥ ಗೊತ್ತಾಗುತ್ತದೆಂದು ಯಾರೂ ಭ್ರಮೆಪಡಬೇಡಿ, ಅದಕ್ಕೆ ಮಣ್ಣಂಗಟ್ಟಿಯೂ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಪುಟ ಓದಿಸಿದರೆ, ಯಾವ ಮಾತು ಯಾವ ಮಾತಿನ ಸಹವಾಸ ಮಾಡುತ್ತದೆ ಎಂದು ಗುರುತಿಟ್ಟುಕೊಳ್ಳುತ್ತದೆ, ಅಷ್ಟೇ. ಒಂದೇ ಥರದ ಸಹವಾಸ ಮಾಡುವ ಮಾತುಗಳೆಲ್ಲ ಅದರ ಕಣ್ಣಿಗೆ ನೆಂಟರು.

ತೊಂದರೆ ಇದ್ದದ್ದೂ ಅಲ್ಲೇ. 'ಒಳ್ಳೆಯ', 'ಕೆಟ್ಟ' ಎರಡೂ ಓಡಾಡುವುದು ಅದೇ ಮನುಷ್ಯ, ಸುದ್ದಿ, ಕಾಲ, ಬುದ್ಧಿಗಳ ಜೊತೆ. ಹಾಗಾಗಿ 'ಒಳ್ಳೆಯ' ಎಂದು ಕೇಳಿದರೆ ನಮ್ಮ ಮಹಾರಾಯ ಮೊದಲ ಸಾಲಿನಲ್ಲೇ 'ಕೆಟ್ಟ' ತಂದು ನಿಲ್ಲಿಸುತ್ತಿತ್ತು. "ಅತ್ತೆ ಸೊಸೆ ಒಂದೇ ಅಡುಗೆಮನೇಲಿರ್ತಾರೆ ಅಂತ ಇಬ್ರೂ ಒಂದೇನಾ?" ಎಂದು ಮೇಷ್ಟ್ರು ದಿನಾ ನನ್ನ ತಲೆ ತಿನ್ನುತ್ತಿದ್ದರು. ಕೊನೆಗೆ ರೋಸಿಹೋಗಿ, ನಿಘಂಟುಗಳಿಂದ ವಿರುದ್ಧ ಪದಗಳ ಜೋಡಿಗಳನ್ನೆಲ್ಲ ಹೆಕ್ಕಿ ಒಂದು ಜರಡಿ ಕಟ್ಟಿದೆ. ಇನ್ನು ಮುಂದೆ ಎಂಥ ಮಾತು ಕೇಳಿದರೂ ಅದರ ವಿರುದ್ಧದ ಮಾತು ಜರಡಿಯಲ್ಲೇ ನಿಲ್ಲುತ್ತದೆ, ಓದುವವರ ಕಣ್ಣಿಗೆ ಬೀಳುವುದಿಲ್ಲ. ನನ್ನ ಜಂಬ ಎಷ್ಟಿತ್ತೆಂದರೆ, ಎಷ್ಟು ಮಾತು ಕೈಬಿಟ್ಟಿತೆಂದು ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ತೋರಿಸುವಂತೆಯೂ ಮಾಡಿದ್ದೆ. ಆ ಬೆಳಿಗ್ಗೆಯೇ ಅದನ್ನು ಕಚೇರಿಗೆ ಕಳಿಸಿ, ಮನೆಯ ಲ್ಯಾಪ್‌ಟಾಪಿಗೂ ಹಾಕಿಕೊಂಡಿದ್ದೆ.

ಮನೆಗೆ ಯಾಕೆ ಅಂದರೆ, ಅಕ್ಕನಿಗೆ. ನನ್ನ ಅಕ್ಕ ದರ್ಜಿ. ರಸ್ತೆಗೆ ಮುಖ ಮಾಡಿದ ಅವಳ ಅಂಗಡಿಯ ಹಿಂದೆಯೇ ನಮ್ಮ ಮನೆ. ಕಳೆದ ಚಳಿಗಾಲದಲ್ಲಿ, ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದವಳು ಹಾಗೇ ಮಿಷನ್ನಿನ ಮೇಲೆ ಒರಗಿಬಿಟ್ಟಳು. ಲಕ್ವ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಅದರ ಜೊತೆ ಮಾತೂ ಕಲಸಿಹೋಯಿತು. ಬಾಯಿ ಬಿದ್ದುಹೋಗಲಿಲ್ಲ. ಬಾಚಣಿಗೆ ಬೇಕಾದರೆ "ಕನ್ನಡಿ ಕೊಡು" ಎನ್ನುತ್ತಾಳೆ, ಸೂಜಿಗೆ "ಕತ್ತರಿ" ಎನ್ನುತ್ತಾಳೆ. ಮಾತು ಕಲಿಸುವ ಡಾಕ್ಟರು, "ಮಾತುಗಳು ಎಲ್ಲೂ ಹೋಗಿಲ್ಲ. ಕಪಾಟಿಗೆ ಕೈ ಹಾಕಿದಾಗ ಪಕ್ಕದ ಡಬ್ಬಿ ಕೈಗೆ ಬರುತ್ತೆ ನೋಡಿ, ಹಾಗೆ" ಎಂದಿದ್ದರು. ಪಕ್ಕದ ಡಬ್ಬಿ! ನನ್ನ ಹೊಟ್ಟೆಪಾಡೇ ಅದು. ಅವತ್ತೇ ಲ್ಯಾಪ್‌ಟಾಪು ತಂದು ಅವಳ ಮುಂದಿಟ್ಟೆ.

ನಮ್ಮ ಪದ್ಧತಿ ಹೀಗಿತ್ತು. ಅಕ್ಕ ಏನಾದರೊಂದು ಹೇಳುತ್ತಾಳೆ. ಅದನ್ನು ನಾನು ಕಂಪ್ಯೂಟರಿಗೆ ಕೊಟ್ಟು, ಅದು ತಂದ ಹತ್ತಿರದ ಮಾತುಗಳನ್ನು ಒಂದೊಂದಾಗಿ ಓದುತ್ತೇನೆ. ತಾನು ಹುಡುಕುತ್ತಿದ್ದ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ಎಡಗೈಯಿಂದ ಗಾಲಿಕುರ್ಚಿಯ ತೋಳಿಗೆ ಫಟ್ಟೆಂದು ಹೊಡೆಯುತ್ತಾಳೆ. ಒಮ್ಮೆ "ಪೊಲೀಸನ್ನ ಕರಿ, ಪೊಲೀಸನ್ನ ಕರಿ" ಎಂದು ರಂಪ ಮಾಡಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಓದಿದರೆ ಪೊಲೀಸು, ವಕೀಲ, ಮೇಷ್ಟ್ರು, ಡಾಕ್ಟರು, ಫಟ್! ಪಾಪ, ಹಲ್ಲುನೋವು. ಇದರಲ್ಲಿ ನಾವು ಮಾಡಿಕೊಂಡಿದ್ದ ಕಟ್ಟುನಿಟ್ಟಾದ ನಿಯಮ ಒಂದೇ: ಅಕ್ಕನ ಬಾಯಿಯನ್ನು ನಂಬಬಾರದು, ಕೈಯನ್ನು ನಂಬಬೇಕು. ದಣಿದಾಗ ಅವಳ ಬಾಯಿ ಏನು ಬೇಕಾದರೂ ಅನ್ನುತ್ತದೆ. ಕೈ ಮಾತ್ರ ತಪ್ಪುವುದಿಲ್ಲ.

ಬುಗುರಿ ಅಕ್ಕನ ಮೊಮ್ಮಗಳು. ನಾಲ್ಕು ವರ್ಷ ತುಂಬಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಅವಳಮ್ಮ, ಅಂದರೆ ಅಕ್ಕನ ಮಗಳು, ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಮಗುವನ್ನು ನಮ್ಮಲ್ಲಿ ಬಿಟ್ಟು, "ಚಿಕ್ಕಮ್ಮ, ಸ್ವಲ್ಪ ಕಣ್ಣಿಟ್ಟಿರು" ಎಂದು ದಿನಾ ಹೇಳಿಯೇ ಹೋಗುತ್ತಾಳೆ. ನಾನು ದಿನಾ, "ನಿನ್ನನ್ನ ಬೆಳೆಸಿದ್ದು ಯಾರೇ?" ಎಂದು ರೇಗುತ್ತೇನೆ.

ಫೋನು ಮುಗಿಸಿ ಎದ್ದು ಬಂದೆ. ಅಂಗಡಿಯ ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಅದರ ಮುಂದೆ, ಗಾಲಿಕುರ್ಚಿಯಿಂದ ಅರ್ಧ ಜಾರಿ, ಎಡಗೈ ಹೊರಕ್ಕೆ ಚಾಚಿ ಕೂಗುತ್ತಿದ್ದಳು. ಬುಗುರಿಯ ಒಂದು ಚಪ್ಪಲಿ ಹೊಸ್ತಿಲಲ್ಲಿ ಬಿದ್ದಿತ್ತು.

"ಮಗು ಎಲ್ಲೇ?"

"ಕುದುರೆ!" ಎಂದಳು ಅಕ್ಕ. "ಬಿಸಿ ಕುದುರೆ! ಬಿಸಿ ಕುದುರೆ!"

ನಾನು ಬೀದಿಗೆ ಹಾರಿದೆ. ಆಚೆ ನೋಡಿದೆ, ಈಚೆ ನೋಡಿದೆ, ಹೆಸರು ಹಿಡಿದು ಅರಚಿದೆ. ಒಳಗೆ ಓಡಿಬಂದು ಬಟ್ಟೆ ಕತ್ತರಿಸುವ ಮೇಜಿನಡಿ, ಬಚ್ಚಲಮನೆ, ಮಂಚದಡಿ, ಬೀರುವಿನ ಹಿಂದೆ ಹುಡುಕಿದೆ. ಮತ್ತೆ ಬೀದಿಗೆ ಓಡಿದೆ. ಪಕ್ಕದ ದಿನಸಿ ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ಬಂದರು. ಅವರನ್ನು ನಾವು ಅಂಗಡಿಯಣ್ಣ ಎನ್ನುತ್ತೇವೆ.

"ಏನಾಯ್ತಮ್ಮ? ಅಕ್ಕ ಆಗ್ಲಿಂದ ಕೂಗ್ತಾನೇ ಇದ್ದಾರೆ."

"ಆಗ್ಲಿಂದ ಕೂಗ್ತಿದ್ರೆ ಬಂದು ನೋಡೋಕೆ ನಿಮಗೇನಾಗಿತ್ತು ಧಾಡಿ?"

"ಅಯ್ಯೋ, ಅವರು ದಿನಾ ಏನಾದ್ರೂ ಕೂಗ್ತಿರ್ತಾರಲ್ಲಮ್ಮ" ಎಂದರು ಅವರು ಪೆಚ್ಚಾಗಿ. ಅವರನ್ನಂದು ಏನು ಪ್ರಯೋಜನ? ಮನೆಯೊಳಗಿದ್ದ ನಾನೇ ಎದ್ದು ಬಂದಿರಲಿಲ್ಲ.

"ನಿಮ್ಮ ಅಂಗಡಿ ಕ್ಯಾಮೆರಾ?"

"ಅದು ಬರೀ ಶೋಕಿಗೆ. ಕೆಟ್ಟು ಎಷ್ಟು ಕಾಲ ಆಯ್ತೋ." ಇಷ್ಟು ಹೇಳಿ ಅವರೇ ಪೊಲೀಸರಿಗೆ ಫೋನು ಹಚ್ಚಿದರು. ನಾನು ಅಕ್ಕನ ಮಗಳಿಗೆ ಮಾಡಿದೆ. "ಬುಗುರಿ ಕಾಣ್ತಿಲ್ಲ" ಎಂದೆ. ಆ ಕಡೆ ಏನೋ ಪಾತ್ರೆ ಬಿದ್ದ ಸದ್ದಾಯಿತು, ಫೋನು ಕಟ್ಟಾಯಿತು.

ಅಕ್ಕ ಮಾತ್ರ ನಿಲ್ಲಿಸಿರಲಿಲ್ಲ. "ಬಿಸಿ ಕುದುರೆ!"

"ಕುದುರೆನಾ?" ಎಂದರು ಅಂಗಡಿಯಣ್ಣ. "ಈ ಬೀದೀಲಿ ಕುದುರೆ ಎಲ್ಲಿಂದ ಬರ್ಬೇಕಮ್ಮ?"

"ನೀವು ಸುಮ್ನಿರಿ!" ಎಂದು ಅವರ ಬಾಯಿ ಮುಚ್ಚಿಸಿ ಲ್ಯಾಪ್‌ಟಾಪು ಎತ್ತಿಕೊಂಡು ಬಂದು ಅಕ್ಕನ ಮುಂದೆ ನೆಲದ ಮೇಲೆ ಕೂತೆ. ಅಕ್ಕ ನೋಡಿದ್ದಾಳೆ. ಎಲ್ಲವನ್ನೂ ನೋಡಿದ್ದಾಳೆ. ಮಗು ಎಲ್ಲಿ ಹೋಯಿತೆಂದು ಈ ಭೂಮಿಯ ಮೇಲೆ ಗೊತ್ತಿರುವವಳು ಅವಳೊಬ್ಬಳೇ. 'ಕುದುರೆ' ಎಂದು ಬರೆಯುವುದಕ್ಕೆ ಎರಡು ಸಲ ಬೇಕಾಯಿತು.

"ಆನೆ" ಎಂದು ಓದಿದೆ. ಕೈ ಸುಮ್ಮನಿತ್ತು. "ಸವಾರ. ಲಾಯ. ಕತ್ತೆ. ರಥ. ಬಂಡಿ." ಕೈ ಮೇಲೆದ್ದಿತು. "ಗಾಡಿ."

ಫಟ್!

ಗಾಡಿ. ಮಗು ಗಾಡಿ ಹತ್ತಿದೆ. ಇಲ್ಲವೇ ಯಾರೋ ಹತ್ತಿಸಿಕೊಂಡು ಹೋಗಿದ್ದಾರೆ. "ಯಾರಾದ್ರೂ ಎತ್ಕೊಂಡು ಹೋದ್ರಾ ಅಕ್ಕ?" ಎಂದರೆ ಕೈ ಅಲ್ಲಾಡಲಿಲ್ಲ. "ಅವಳೇ ಹತ್ತಿದ್ಲಾ?" ಫಟ್! ಅಂಗಡಿಯಣ್ಣ ತಲೆ ಮೇಲೆ ಕೈ ಹೊತ್ತರು. "ಬೆಳಗ್ಗೆಯಿಂದ ಈ ಬೀದೀಲಿ ಎಷ್ಟು ಗಾಡಿ ಬಂದ್ವೋ, ಎಷ್ಟು ಹೋದ್ವೋ. ಸಾಮಾನಿನ ಗಾಡಿ, ಪಾರ್ಸೆಲ್ ಗಾಡಿ, ನೀರಿನ ಗಾಡಿ... ಯಾವುದು ಅಂತ ಹಿಡಿಯೋದು?"

"ಬಿಸಿ" ಎಂದಳು ಅಕ್ಕ, ನನ್ನ ಭುಜವನ್ನು ಹಿಡಿದು ಅಲ್ಲಾಡಿಸುತ್ತ. "ಬಿಸಿ, ಬಿಸಿ, ಬಿಸಿ."

'ಬಿಸಿ' ಎಂದು ಬರೆದೆ. ಪಟ್ಟಿ ಬಂತು. "ಬೆಚ್ಚಗೆ. ಸುಡು. ಕಾದ. ಕುದಿಯುವ. ಉರಿ. ಹಬೆ. ಕೆಂಡ. ಬಿಸಿಲು." ಕೈ ಏಳಲಿಲ್ಲ. ಮತ್ತೊಮ್ಮೆ ಓದಿದೆ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ. ಕೈ ಏಳಲಿಲ್ಲ. ಅಕ್ಕನ ಕಣ್ಣಿನಿಂದ ನೀರು ಸುರಿಯತೊಡಗಿತು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಬಿಸಿ ಗಾಡಿ, ಬಿಸಿ ಗಾಡಿ, ಏನದು ಬಿಸಿ ಗಾಡಿ? ಯಾವ ಗಾಡಿಯಿಂದ ಹಬೆ ಬರುತ್ತದೆ?

"ಬ್ರೆಡ್ಡಿನ ಗಾಡಿ!" ಎಂದು ನಾನೇ ಕಿರುಚಿದೆ. ಅಂಗಡಿಯಣ್ಣನ ಅಂಗಡಿಗೆ ದಿನಾ ಆ ಹೊತ್ತಿಗೇ ಬರುತ್ತದೆ. ಹಿಂದಿನ ಬಾಗಿಲು ತೆಗೆದರೆ ಬೀದಿಯೆಲ್ಲ ಬಿಸಿ ಬ್ರೆಡ್ಡಿನ ವಾಸನೆ. ಬುಗುರಿಗೆ ಅದೆಂದರೆ ಪ್ರಾಣ.

"ಬ್ರೆಡ್ಡಿನ ಗಾಡಿನಾ ಅಕ್ಕ?"

"ಹೌದು" ಎಂದಳು ಅಕ್ಕ. "ಹೌದು, ಹೌದು."

ಅವಳ ಎಡಗೈ ಕುರ್ಚಿಯ ತೋಳಿಗೆ ಬೀಳಲಿಲ್ಲ. ಗಾಳಿಯಲ್ಲಿ ಅಡ್ಡಡ್ಡ ಬೀಸಿತು. ನಾನು ನೋಡಿದೆ, ನೋಡಿಯೂ ನೋಡಲಿಲ್ಲ. ಹೌದು ಎಂಬ ಮಾತು ಕೇಳಬೇಕಿತ್ತು, ಕೇಳಿತು, ಸಾಕಾಯಿತು. ನಾವೇ ಮಾಡಿಕೊಂಡ ನಿಯಮವನ್ನು ಗಾಳಿಗೆ ತೂರಿ, "ಬ್ರೆಡ್ಡಿನವನಿಗೆ ಫೋನ್ ಮಾಡಿ!" ಎಂದು ಅಂಗಡಿಯಣ್ಣನ ಬೆನ್ನು ಹತ್ತಿದೆ.

ಬ್ರೆಡ್ಡಿನವನು ಫೋನು ಎತ್ತಲಿಲ್ಲ. ಬೇಕರಿಗೆ ಮಾಡಿದರೆ, ಗಾಡಿ ರೈಲ್ವೆ ಗೇಟಿನ ಆಚೆ ಎಲ್ಲೋ ಇರಬೇಕು ಎಂದರು. ಅಂಗಡಿಯಣ್ಣ ಗಲ್ಲಾಪೆಟ್ಟಿಗೆಗೆ ಬೀಗ ಕೂಡ ಹಾಕದೆ ಬೈಕು ಹತ್ತಿ ಹೊರಟರು. ಪೊಲೀಸರು ಫೋನಿನಲ್ಲಿ ಸಿಕ್ಕಾಗ ಅವರಿಗೂ ಬ್ರೆಡ್ಡಿನ ಗಾಡಿಯೆಂದೇ ಖಂಡಿತವಾಗಿ ಹೇಳಿದೆ. "ಗ್ಯಾರಂಟಿನಾ ಮೇಡಂ?" ಎಂದು ಕೇಳಿದರು. "ಕಣ್ಣಾರೆ ಕಂಡವರು ಹೇಳಿದ್ದಾರೆ ರೀ!" ಎಂದು ಅವರ ಮೇಲೂ ಹಾರಾಡಿದೆ.

ಆಮೇಲೆ ಕಾಯುವುದು. ಕಾಯುವುದಕ್ಕಿಂತ ದೊಡ್ಡ ಶಿಕ್ಷೆಯನ್ನು ನನ್ನಂಥವಳಿಗೆ ಯಾರೂ ಕೊಡಲಾರರು. ಬಾಗಿಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಆ ಒಂದು ಪುಟ್ಟ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದೆನೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಕೂಗುತ್ತಲೇ ಇದ್ದಳು. ದನಿ ಒಡೆಯತೊಡಗಿತ್ತು. "ಬಿಸಿ... ಬಿಸಿ..."

"ಗೊತ್ತಾಯ್ತು ಕಣೇ, ಹೋಗಿದಾರೆ, ಈಗ ಬರ್ತಾಳೆ" ಎಂದು ನಾನು.

"ಬಿಸಿ!"

ಅಕ್ಕನ ಮಗಳು ಆಸ್ಪತ್ರೆಯ ಬಟ್ಟೆಯಲ್ಲೇ ಆಟೋ ಇಳಿದು ಓಡಿಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ದಾಟಿಕೊಂಡು ಹೋಗಿ ನೇರ ತಾಯಿಯ ಮುಂದೆ ನಿಂತಳು.

"ನೀನು ಇಲ್ಲೇ ಕೂತಿದ್ದೆಯಲ್ಲಮ್ಮ! ಬಾಗಿಲಲ್ಲೇ ಕೂತಿದ್ದೆಯಲ್ಲ! ಅವಳು ಹೋಗ್ತಿದ್ರೆ ನೋಡ್ತಾ ಕೂತಿದ್ಯಾ?"

ಅಕ್ಕ ಬಾಯಿ ತೆರೆದಳು. "ಬಿಸಿ..." ಎಂದು ಎಡಗೈಯನ್ನು ಬೀದಿಯ ಕಡೆ ಚಾಚಿದಳು.

"ಅವಳನ್ನ ಯಾಕೇ ಅಂತೀಯ? ನನ್ನನ್ನ ಅನ್ನು" ಎಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕಿಂತ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅಂಗಡಿಯಣ್ಣನ ಫೋನು ಬಂತು. ಬ್ರೆಡ್ಡಿನ ಗಾಡಿ ಸಿಕ್ಕಿತ್ತು. ಎಲ್ಲ ಟ್ರೇ ಇಳಿಸಿ, ಸೀಟಿನ ಅಡಿಯೂ ಹುಡುಕಿದ್ದರು. ಗಾಡಿಯವನು ನಮ್ಮ ಬೀದಿಯಲ್ಲಿ ಯಾವ ಮಗುವನ್ನೂ ಕಂಡಿಲ್ಲವೆಂದು ಆಣೆ ಇಡುತ್ತಿದ್ದನಂತೆ. "ಇಲ್ಲಮ್ಮ" ಎಂದರು ಅಂಗಡಿಯಣ್ಣ. "ಇಲ್ಲಿ ಇಲ್ಲ."

ಅಕ್ಕನ ಮಗಳು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಕತ್ತರಿಸುವ ಮೇಜಿಗೆ ಆತುಕೊಂಡು ನಿಂತಳು. ನನಗೆ ಏನಾಯಿತೋ, ಹೆದರಿಕೆಯೆಲ್ಲ ಒಟ್ಟಿಗೆ ಕೋಪವಾಗಿ ತಿರುಗಿತು. ಆ ಕೋಪ ಹೋಗಿ ಬಿದ್ದದ್ದು ಕುರ್ಚಿಯಲ್ಲಿ ಕೂತ ಅಕ್ಕನ ಮೇಲೆ.

"ನೀನೇ ಹೌದು ಅಂದೆಯಲ್ಲೇ!" ಎಂದು ಅರಚಿದೆ. "ಬ್ರೆಡ್ಡಿನ ಗಾಡಿ ಅಂದ್ರೆ ಹೌದು, ಹೌದು ಅಂದೆಯಲ್ಲ! ಹೊತ್ತೆಲ್ಲ ಹಾಳಾಯ್ತಲ್ಲ!"

"ಹೌದು!" ಎಂದಳು ಅಕ್ಕ. ತಲೆಯನ್ನು ಬಲಕ್ಕೂ ಎಡಕ್ಕೂ ಕಿತ್ತುಹೋಗುವ ಹಾಗೆ ಅಲ್ಲಾಡಿಸುತ್ತ, ಎಡಗೈಯನ್ನು ಅಡ್ಡಡ್ಡ ಬೀಸುತ್ತ, ಒಡೆದ ದನಿಯಲ್ಲಿ, "ಹೌದು! ಹೌದು! ಹೌದು!"

ಆಗ ಅವಳನ್ನು ಕಣ್ಣಿಟ್ಟು ನೋಡಿದೆ. ಕೈ ಬೇಡ ಎನ್ನುತ್ತಿತ್ತು, ತಲೆ ಅಲ್ಲ ಎನ್ನುತ್ತಿತ್ತು, ಬಾಯಿ ಹೌದು ಎನ್ನುತ್ತಿತ್ತು. ಅವಳು ಮೊದಲಿನಿಂದಲೂ ಇಲ್ಲವೆಂದೇ ಹೇಳುತ್ತಿದ್ದಳು. 'ಇಲ್ಲ' ಎಂಬುದಕ್ಕೆ ಕೈ ಹಾಕಿದರೆ ಅವಳಿಗೆ ಸಿಗುತ್ತಿದ್ದದ್ದು 'ಹೌದು'. ಪಕ್ಕದ ಡಬ್ಬಿ ಎಂದರೆ ಬಾಚಣಿಗೆಗೆ ಕನ್ನಡಿ ಮಾತ್ರ ಎಂದುಕೊಂಡಿದ್ದೆನಲ್ಲ ನಾನು! 'ಇಲ್ಲ' ಎಂಬುದರ ಪಕ್ಕದಲ್ಲೇ 'ಹೌದು' ಇರುತ್ತದೆ. ಒಳ್ಳೆಯದರ ಪಕ್ಕದಲ್ಲೇ ಕೆಟ್ಟದ್ದು ಇರುತ್ತದೆ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿರಬೇಕಿತ್ತು?

ನೆಲದ ಮೇಲೆ ಲ್ಯಾಪ್‌ಟಾಪು ಹಾಗೇ ತೆರೆದಿತ್ತು. ಬಿಸಿ, ಬೆಚ್ಚಗೆ, ಸುಡು, ಕಾದ, ಕುದಿಯುವ. ಪಟ್ಟಿಯ ಅಡಿಯಲ್ಲಿ, ನಾನೇ ಜಂಬಕ್ಕೆ ಬರೆಸಿದ್ದ ಸಣ್ಣಕ್ಷರದಲ್ಲಿ, 'ಕೈಬಿಟ್ಟ ಮಾತುಗಳು: ಮೂರು.'

ಮಂಡಿಯೂರಿ ಕೂತು ಜರಡಿ ತೆಗೆದುಹಾಕಿದೆ. ಪಟ್ಟಿ ಒಮ್ಮೆ ಮಿನುಗಿ ಮತ್ತೆ ಬಂತು. ಎಲ್ಲಕ್ಕಿಂತ ಮೇಲೆ, ಬೆಚ್ಚಗೆ ಎಂಬುದಕ್ಕಿಂತಲೂ ಮೇಲೆ, ಒಂದು ಹೊಸ ಮಾತು ಕೂತಿತ್ತು. ಓದುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

"ತಣ್ಣಗೆ."

ಫಟ್! ಫಟ್! ಫಟ್! ಅಕ್ಕ ಕುರ್ಚಿಯ ತೋಳನ್ನು ಮುರಿದುಹಾಕುವ ಹಾಗೆ ಬಾರಿಸಿದಳು.

"ತಣ್ಣನೆ ಗಾಡಿ" ಎಂದೆ. "ಅಯ್ಯೋ ದೇವರೇ. ತಣ್ಣನೆ ಗಾಡಿ."

ಎದುರುಗಡೆ, ಎರಡು ಅಂಗಡಿ ಆಚೆ, ಒಂದು ಕೇಕಿನ ಅಂಗಡಿ ಇದೆ. ಅವರಿಗೆ ಬೆಣ್ಣೆ, ಕ್ರೀಮು ತಂದುಕೊಡುವ ಬಿಳಿ ಗಾಡಿಯೊಂದು ಬರುತ್ತದೆ. ಹಿಂದೆ ಕಿಟಕಿಯಿಲ್ಲದ ಪೆಟ್ಟಿಗೆ, ದಪ್ಪ ಬಾಗಿಲು, ಒಳಗೆಲ್ಲ ಫ್ರಿಜ್ಜು. ಹೊರಗಿನಿಂದ ಅಗುಳಿ ಹಾಕಿದರೆ ಒಳಗಿನ ಸದ್ದು ಪಿಟ್ಟೆಂದೂ ಕೇಳದು. ಅಕ್ಕನ ಮಗಳಿಗೆ ಅರ್ಥವಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ಓಡಿದ ಓಟಕ್ಕೆ ಬೀದಿಯ ಎರಡು ಗಾಡಿಗಳು ಕಿರುಗುಟ್ಟಿ ನಿಂತವು. ನಾನು ಬರಿಗಾಲಲ್ಲಿ ಅವಳ ಹಿಂದೆ.

ಕೇಕಿನ ಅಂಗಡಿಯಾಕೆ ಕ್ರೀಮಿನ ಕೈಯಲ್ಲೇ ಫೋನು ತೆಗೆದು ಗಾಡಿಯವನ ನಂಬರು ಹುಡುಕಿಕೊಟ್ಟಳು. ಒಂದು ಸಲ ರಿಂಗಾಗಿ ನಿಂತಿತು. ಇನ್ನೊಂದು ಸಲವೂ ಅಷ್ಟೇ. "ಎತ್ತೋ ಪುಣ್ಯಾತ್ಮ, ಎತ್ತೋ ಮಾರಾಯ" ಎಂದು ನಾನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಮೂರನೆಯದಕ್ಕೆ ಎತ್ತಿದ.

"ಗಾಡಿ ಓಡಿಸ್ತಿದೀನಿ, ಆಮೇಲೆ ಮಾಡಿ."

"ನಿಲ್ಸು! ಗಾಡಿ ನಿಲ್ಸು! ನಿನ್ನ ಗಾಡಿ ಒಳಗೆ ಮಗು ಇದೆ!"

"ಏನು?"

"ಮಗು! ಹಿಂದೆ! ತಣ್ಣನೆ ಪೆಟ್ಟಿಗೇಲಿ!"

"ಏನಮ್ಮ ತಮಾಷೆ? ಕೇಕಿನಂಗಡಿ ಬಿಟ್ಟ ಮೇಲೆ ನಾನು ಬಾಗಿಲೇ ತೆಗೆದಿಲ್ಲ. ದೊಡ್ಡ ಹೋಟೆಲಿಗೆ ಹೋಗ್ತಿದೀನಿ, ಇನ್ನೂ ಅರ್ಧ ದಾರಿ ಇದೆ..."

ಬಾಗಿಲೇ ತೆಗೆದಿಲ್ಲ. ಅಕ್ಕನ ಮಗಳು ಫೋನು ಕಿತ್ತುಕೊಂಡಳು. ನನ್ನ ಹಾಗೆ ಕೂಗಲಿಲ್ಲ. "ಅಣ್ಣಾ, ನಾನು ಆ ಮಗುವಿನ ತಾಯಿ. ಗಾಡಿ ಪಕ್ಕಕ್ಕೆ ಹಾಕಿ ಬಾಗಿಲು ತೆಗೀರಿ. ಈಗಲೇ" ಎಂದಳು ಅಷ್ಟೇ.

ಫೋನಿನಲ್ಲಿ ಗಾಡಿ ನಿಂತ ಸದ್ದು. ಅವನ ಬಾಗಿಲು ತೆಗೆದ ಸದ್ದು. ಹೆಜ್ಜೆಗಳು. ಕಬ್ಬಿಣದ ಅಗುಳಿ ಎಳೆದದ್ದು. ಒಳಗಿನ ಫ್ಯಾನು ಗುಂಯ್‌ಗುಟ್ಟುವುದು. ನಾವು ಮೂವರು ಹೆಂಗಸರು ಆ ಒಂದು ಫೋನಿನ ಮೇಲೆ ಬಗ್ಗಿ ಉಸಿರು ಹಿಡಿದು ನಿಂತಿದ್ದೆವು. ಡಬ್ಬಗಳು ಸರಿದ ಸದ್ದಾಯಿತು. ಆಮೇಲೆ ಅವನು, "ಅಯ್ಯಯ್ಯೋ" ಎಂದ.

ಆಮೇಲೆ ಸುಮ್ಮನಾದ.

ಅಕ್ಕನ ಮಗಳು ನನ್ನ ತೋಳನ್ನು ಹಿಡಿದಿದ್ದಳು. ಅವಳ ಉಗುರು ಒಳಗಿಳಿದದ್ದು ಆಮೇಲೆ ರಕ್ತ ನೋಡಿದಾಗಲೇ ಗೊತ್ತಾಯಿತು.

"ಉಸಿರಿದೆ" ಎಂದ ಅವನು. ಅಳುತ್ತಿದ್ದ. "ಉಸಿರಾಡ್ತಿದೆ ಕಣಮ್ಮ. ಕಣ್ಣು ಬಿಡ್ತಿದೆ. ತುಟಿಯೆಲ್ಲ ನೀಲಿ ಆಗಿದೆ. ಮೈ ಮುಟ್ಟೋಕಾಗಲ್ಲ, ಹಾಗೆ ಕೊರೀತಿದೆ."

ಆಗ ನೋಡಬೇಕಿತ್ತು ನಮ್ಮ ಹುಡುಗಿಯನ್ನು. ದನಿ ಒಂದಿಷ್ಟೂ ನಡುಗಲಿಲ್ಲ. "ಹೊರಗೆ ಬಿಸಿಲಿಗೆ ಎತ್ಕೊಂಡು ಬನ್ನಿ. ಬಟ್ಟೆ ಒದ್ದೆಯಾಗಿದ್ರೆ ತೆಗೀರಿ. ನಿಮ್ಮ ಅಂಗಿ ಬಿಚ್ಚಿ, ನಿಮ್ಮ ಎದೆಗೆ ಒತ್ತಿ ಹಿಡ್ಕೊಳ್ಳಿ, ಮೇಲೆ ಅಂಗಿ ಸುತ್ತಿ. ಕೈಕಾಲು ತಿಕ್ಕಬೇಡಿ. ತಿಕ್ಕಲೇಬೇಡಿ. ಹತ್ತಿರ ಯಾರಿದ್ದಾರೋ ಅವರಿಗೆ ಆಸ್ಪತ್ರೆಗೆ ಗಾಡಿ ಓಡಿಸೋಕೆ ಹೇಳಿ, ನೀವು ಮಗುನ ಬಿಡಬೇಡಿ." ಹೀಗೆ ಹೇಳುತ್ತ ಹೇಳುತ್ತಲೇ ಆಟೋ ಹತ್ತಿದಳು. ನಾನು ಮನೆಗೆ ಓಡಿ, "ಸಿಕ್ಕಿದ್ಲು ಕಣೇ, ಬದುಕಿದಾಳೆ" ಎಂದು ಅಕ್ಕನ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತೆ.

ಸಂಜೆ ಅಕ್ಕನನ್ನು ಕುರ್ಚಿಯ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಂಗಡಿಯಣ್ಣನೇ ತಳ್ಳಿಕೊಂಡು ಬಂದರು. ಬುಗುರಿ ಕಂಬಳಿಗಳ ಗುಡ್ಡೆಯಲ್ಲಿ ಹೂತುಹೋಗಿ, ಮೂಗಿನ ತುದಿ ಮಾತ್ರ ಹೊರಗಿಟ್ಟುಕೊಂಡು ಮಲಗಿದ್ದಳು. ತುಟಿಗೆ ಬಣ್ಣ ಮರಳಿತ್ತು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದು ಡಾಕ್ಟರು ಹೇಳಿಹೋಗಿದ್ದರು. ಅವಳಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ನಾವು ಬಂದದ್ದು ಕಂಡಳು, ಏಳಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ಬೆಳಿಗ್ಗೆ ಆಡಿದ ಮಾತು ಅವಳನ್ನೇ ಚುಚ್ಚುತ್ತಿತ್ತೋ ಏನೋ. ಅಕ್ಕನೂ ತಲೆ ತಗ್ಗಿಸಿದ್ದಳು. ನಾನು ಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದೆ.

"ಯಾಕೆ ಕಂದ ಆ ಗಾಡಿ ಹತ್ತಿದ್ದು?" ಎಂದು ಅಮ್ಮ ಮೆಲ್ಲಗೆ ಕೇಳಿದಳು.

"ತಂಪಿತ್ತು" ಎಂದಳು ಬುಗುರಿ. "ಆಮೇಲೆ ಬಾಗಿಲು ಢಬ್ ಅಂತು. ಕತ್ತಲಾಯ್ತು."

"ತುಂಬ ಅತ್ತುಬಿಟ್ಯಾ?"

"ಊಹೂಂ. ಅಳ್ಲಿಲ್ಲ."

"ಹೆದರಿಕೆ ಆಗ್ಲಿಲ್ವಾ?"

ಇದೆಂಥ ಪ್ರಶ್ನೆ ಎಂಬಂತೆ ಬುಗುರಿ ಅಮ್ಮನ ಮುಖ ನೋಡಿದಳು. "ಯಾಕೆ? ನಾನು ಹತ್ತಿದ್ದು ಅಜ್ಜಿ ನೋಡಿದ್ಲಲ್ಲ. ಅಜ್ಜಿಗೆ ಟಾಟಾನೂ ಮಾಡಿದ್ದೆ. ಅಜ್ಜಿ ಹೇಳ್ತಾಳೆ ಅಂತ ಸುಮ್ನೆ ಕೂತಿದ್ದೆ."

ಅಕ್ಕನ ಮಗಳು ತಿರುಗಿ ತಾಯಿಯನ್ನು ನೋಡಿದಳು. ಮಂಚದಿಂದ ಜಾರಿ ನೆಲಕ್ಕೆ ಕೂತು ಅಕ್ಕನ ಮಡಿಲಿಗೆ ತಲೆಯಿಟ್ಟಳು. ಅಕ್ಕ ಬಾಯಿ ತೆರೆದಳು. ದಿನವಿಡೀ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು, ತಪ್ಪು ಮಾತೊಂದೂ ಹೊರಡಲಿಲ್ಲ. ಎಡಗೈಯನ್ನು ಎತ್ತಿ ಮಗಳ ತಲೆಯ ಮೇಲಿಟ್ಟು ಸವರತೊಡಗಿದಳು. ಬುಗುರಿ ಕಂಬಳಿಯೊಳಗಿಂದ ಕೈ ಹೊರಗೆ ಹಾಕಿ, "ನನಗೆ ಹಸಿವಾಗ್ತಿದೆ" ಎಂದಳು.